ಹದಿನೆಂಟರ ತೋಳಿಗೆ ಬೆಲೆ ಕಟ್ಟುವವರು

ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸೈಪ್ರೆಸ್ ಫಾಲ್ಸ್ ಅಂತ ಒಂದು ಹೈಸ್ಕೂಲಿದೆ. 2002ರಲ್ಲಿ ಆ ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬ ಕ್ಲಿಂಟ್ ಎವರ್ಟ್ಸ್, ಬಲಗೈ ಪಿಚರ್. ಇನ್ನೊಬ್ಬ ಸ್ಕಾಟ್ ಕಾಜ್ಮಿರ್, ಎಡಗೈ ಪಿಚರ್. ಒಂದೇ ಮೈದಾನ, ಒಂದೇ ಕೋಚ್, ಅವವೇ ಎದುರಾಳಿ ತಂಡಗಳು. ಇಬ್ಬರನ್ನು ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ಮೇಜರ್ ಲೀಗ್ ತಂಡಗಳ ಸ್ಕೌಟುಗಳು ಬಂದರು, ನೋಡಿದರು, ಬರೆದುಕೊಂಡರು. ಆ ಜೂನ್‌ನ ಡ್ರಾಫ್ಟಿನಲ್ಲಿ ಎವರ್ಟ್ಸ್ 5ನೆಯವನಾಗಿ ಆಯ್ಕೆಯಾದ. ಕಾಜ್ಮಿರ್ 15ನೆಯವನಾಗಿ.

ಮುಂದೇನಾಯಿತು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಹೋಲಿಕೆಯ ಕಸುಬಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಬೇಸ್‌ಬಾಲ್ ಗೊತ್ತಿಲ್ಲದವರು ಓಡಿಹೋಗಬೇಡಿ, ಕ್ರಿಕೆಟ್ ಗೊತ್ತಿದ್ದರೆ ಸಾಕು :-)

ಪಿಚರ್ ಅಂದರೆ ನಮ್ಮ ಬೌಲರ್. ಚೆಂಡು ನೆಲಕ್ಕೆ ಬಡಿಯುವುದಿಲ್ಲ, ಅಷ್ಟೇ. ನಮ್ಮ ಪಿಚ್ 22 ಗಜ, ಅಂದರೆ 20 ಮೀಟರಿಗೆ ಚೂರು ಹೆಚ್ಚು. ಅಲ್ಲಿ ಎಸೆಯುವ ದೂರ 60 ಅಡಿ 6 ಅಂಗುಲ, ಸುಮಾರು ಹದಿನೆಂಟೂವರೆ ಮೀಟರ್. ದೊಡ್ಡ ವ್ಯತ್ಯಾಸ ಇರುವುದು ಮೊಣಕೈಯಲ್ಲಿ. ಕ್ರಿಕೆಟ್ಟಿನಲ್ಲಿ ಮೊಣಕೈ ಮಡಿಸಿ ಎಸೆದರೆ ಅಂಪೈರ್ ನೋಬಾಲ್ ಕೊಡುತ್ತಾನೆ. ಬೇಸ್‌ಬಾಲಿನಲ್ಲಿ ಎಸೆತದ ಎಲ್ಲ ಶಕ್ತಿಯೂ ಆ ಮಡಿಸಿದ ಮೊಣಕೈ ಮೂಲಕವೇ ಹಾದುಹೋಗಬೇಕು. ಒಳಬದಿಯಲ್ಲಿರುವ ಒಂದು ಪುಟ್ಟ ಅಸ್ಥಿರಜ್ಜು ಪ್ರತಿ ಎಸೆತದಲ್ಲೂ ಎಳೆತ ತಿನ್ನುತ್ತದೆ. ಈ ಲೇಖನದ ಅರ್ಧ ಕಥೆ ಆ ಪುಟ್ಟ ರಜ್ಜುವಿನದೇ.

ಇನ್ನು ಡ್ರಾಫ್ಟ್. ಹೈಸ್ಕೂಲು ಮುಗಿಸಿದ ಮತ್ತು ಕಾಲೇಜಿನಲ್ಲಿ ಆಡುತ್ತಿರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿ ಇದು. 1965ರಲ್ಲಿ ಶುರುವಾಯಿತು. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. (2023ರಿಂದ ತಳದ ತಂಡಗಳ ನಡುವೆ ಲಾಟರಿ ಎತ್ತುತ್ತಾರೆ.) ಆಯ್ಕೆಯಾದ ಹೈಸ್ಕೂಲು ಹುಡುಗನ ಮುಂದೆ ಎರಡು ದಾರಿ: ತಂಡ ಕೊಡುವ ಬೋನಸ್ ಹಣ ತೆಗೆದುಕೊಂಡು ಸಹಿ ಹಾಕುವುದು, ಇಲ್ಲವೇ ಬೇಡ ಅಂತ ಕಾಲೇಜಿಗೆ ಹೋಗುವುದು.

ಆದ್ದರಿಂದ ಪ್ರತಿ ವರ್ಷ ಡ್ರಾಫ್ಟಿಗೆ ಮುಂಚೆ ಸ್ಕೌಟುಗಳು ಊರೂರು ಅಲೆದು ಹುಡುಗರನ್ನು ನೋಡುತ್ತಾರೆ. ಜಾತ್ರೆಯಲ್ಲಿ ಎತ್ತಿನ ಹಲ್ಲು ಹಿಡಿದು, ಸುಳಿ ನೋಡಿ, ನಡೆಸಿ ನೋಡುತ್ತಾರಲ್ಲ, ಹಾಗೆ. ಎತ್ತರ, ಭುಜದ ಅಗಲ, ಚೆಂಡಿನ ವೇಗ, ತಿರುವು, ಹಿಡಿತ. ಎಲ್ಲದಕ್ಕೂ 20ರಿಂದ 80ರವರೆಗೆ ಅಂಕ. 50 ಅಂದರೆ ಮೇಜರ್ ಲೀಗಿನ ಸಾಧಾರಣ ಮಟ್ಟ, 80 ಅಂದರೆ ಅಪರೂಪ. ಪ್ರತಿ ಗುಣಕ್ಕೂ ಎರಡೆರಡು ಅಂಕ ಕೊಡುತ್ತಾರೆ, ಇವತ್ತು ಎಷ್ಟು, ಮುಂದೆ ಎಷ್ಟಾಗಬಹುದು ಅಂತ. ಆ ಎರಡನೆಯ ಅಂಕವಿದೆಯಲ್ಲ, ಅದರಲ್ಲೇ ಇರುವುದು ಎಲ್ಲ ಕಷ್ಟ. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುವ ಗಾದೆಯನ್ನು ನಂಬಿ ಕೋಟಿಗಟ್ಟಲೆ ಹಣ ಹೂಡುವ ವ್ಯವಹಾರ ಇದು.

ಗಾದೆ ಮೊದಲ ವರ್ಷವೇ ಎಡವಿತು ನೋಡಿ. 1965ರ ಮೊದಲ ಡ್ರಾಫ್ಟಿನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡಕ್ಕೆ ಎರಡನೆಯ ಆಯ್ಕೆ ಸಿಕ್ಕಿತ್ತು. ಅವರು ಮೊಂಟಾನಾದ ಹೈಸ್ಕೂಲಿನಿಂದ ಲೆಸ್ ರೋರ್ ಎಂಬ ಎಡಗೈ ಪಿಚರನ್ನು ಆರಿಸಿದರು. ಅದೇ ತಂಡ ಅದೇ ಡ್ರಾಫ್ಟಿನ ಹನ್ನೆರಡನೆಯ ಸುತ್ತಿನಲ್ಲಿ, ಒಟ್ಟಾರೆ 295ನೆಯವನಾಗಿ, ಟೆಕ್ಸಾಸ್‌ನ ಆಲ್ವಿನ್ ಎಂಬ ಊರಿನ ಇನ್ನೊಬ್ಬ ಹೈಸ್ಕೂಲು ಪಿಚರನ್ನು ಎತ್ತಿಕೊಂಡಿತು. ರೋರ್ ಮೇಜರ್ ಲೀಗಿನಲ್ಲಿ ಆಡಿದ್ದು ಆರೇ ಪಂದ್ಯ. ಆ 295ನೆಯ ಹುಡುಗನ ಹೆಸರು ನೋಲನ್ ರಯಾನ್. 27 ಸೀಸನ್ ಆಡಿದ, 5,714 ಸ್ಟ್ರೈಕೌಟ್. ಆ ದಾಖಲೆ ಇನ್ನೂ ಯಾರಿಗೂ ಮುರಿಯಲು ಆಗಿಲ್ಲ.

ಇಂಥ ಕಥೆ ಓದಿ 'ಸ್ಕೌಟುಗಳಿಗೆ ಏನೂ ಗೊತ್ತಿಲ್ಲ' ಅಂದುಬಿಡುವುದು ಸುಲಭ. ಆದರೆ ನನಗೆ ಹಾಗನ್ನಿಸುವುದಿಲ್ಲ. ಯಾಕೆ ಅನ್ನುವುದಕ್ಕೆ ಡೇವಿಡ್ ಕ್ಲೈಡ್‌ನ ಕಥೆ ಕೇಳಿ.

1973. ಹ್ಯೂಸ್ಟನ್ನಿನ ವೆಸ್ಟ್‌ಚೆಸ್ಟರ್ ಹೈಸ್ಕೂಲಿನ ಎಡಗೈ ಪಿಚರ್ ಕ್ಲೈಡ್. ಕೊನೆಯ ವರ್ಷ 18 ಪಂದ್ಯ ಗೆದ್ದ, ಒಂದೂ ಸೋಲಲಿಲ್ಲ. 148 ಇನಿಂಗ್ಸ್ ಚಿಲ್ಲರೆಯಲ್ಲಿ 328 ಜನರನ್ನು ಸ್ಟ್ರೈಕೌಟ್ ಮಾಡಿದ. ಬೇಸ್‌ಬಾಲಿನಲ್ಲಿ ಒಂದು ಇನಿಂಗ್ಸ್ ಅಂದರೆ ಮೂರು ಔಟ್. ಲೆಕ್ಕ ಹಾಕಿ, ಮೂರರಲ್ಲಿ ಎರಡಕ್ಕಿಂತ ಹೆಚ್ಚು ಔಟ್ ಬೇರೆ ಯಾರ ಸಹಾಯವೂ ಇಲ್ಲದೆ ಇವನೊಬ್ಬನದೇ. ಆಗಿನ್ನೂ ಸ್ಕೌಟುಗಳ ಕೈಗೆ ರೇಡಾರ್ ಗನ್ ಬಂದಿರಲಿಲ್ಲ. ಕಣ್ಣಲ್ಲೇ ಅಳೆಯಬೇಕಿತ್ತು. ಇವನ ವಿಷಯದಲ್ಲಿ ಕಣ್ಣು ಸಾಕಾಗಿತ್ತು. ಟೆಕ್ಸಾಸ್ ರೇಂಜರ್ಸ್ ತಂಡ ಇವನನ್ನು ದೇಶಕ್ಕೇ ಮೊದಲಿಗನಾಗಿ ಆರಿಸಿತು. ಬೋನಸ್ 1.25 ಲಕ್ಷ ಡಾಲರ್, ಆ ಕಾಲಕ್ಕೆ ದಾಖಲೆ.

ಹದಿನೆಂಟರ ಹುಡುಗನನ್ನು ಮೊದಲು ಮೈನರ್ ಲೀಗಿಗೆ ಕಳಿಸಿ, ಎರಡು ಮೂರು ವರ್ಷ ಪಳಗಿಸಿ, ಆಮೇಲೆ ಮೇಲೆ ತರುವುದು ವಾಡಿಕೆ. ಆದರೆ ರೇಂಜರ್ಸ್ ಮಾಲೀಕ ಬಾಬ್ ಶಾರ್ಟ್‌ಗೆ ಜನ ಬೇಕಿತ್ತು. ತಂಡವನ್ನು ವಾಷಿಂಗ್ಟನ್ನಿನಿಂದ ಟೆಕ್ಸಾಸ್‌ಗೆ ತಂದು ಆಗ ಎರಡನೇ ವರ್ಷ, ಕ್ರೀಡಾಂಗಣ ಭಣಭಣ ಅನ್ನುತ್ತಿತ್ತು. ಊರ ಹುಡುಗ, ಹೆಸರು ಮಾಡಿದವನು. ಹೈಸ್ಕೂಲಿನ ಕೊನೆಯ ಪಂದ್ಯ ಆಡಿ ಕೆಲವೇ ವಾರಗಳಾಗಿದ್ದವು, ಜೂನ್ 27ರಂದು ನೇರವಾಗಿ ಮೇಜರ್ ಲೀಗಿನ ಮೈದಾನಕ್ಕೆ ಇಳಿಸಿಯೇಬಿಟ್ಟರು. 35 ಸಾವಿರಕ್ಕೂ ಹೆಚ್ಚು ಜನ. ಆ ಕ್ರೀಡಾಂಗಣ ಮೊದಲ ಬಾರಿಗೆ ತುಂಬಿತು. ರಸ್ತೆಯಲ್ಲಿ ಕಾರುಗಳು ಸಿಕ್ಕಿಹಾಕಿಕೊಂಡು ಆಟವನ್ನೇ ಸ್ವಲ್ಪ ತಡವಾಗಿ ಶುರು ಮಾಡಬೇಕಾಯಿತು.

ಹುಡುಗ ಮೊದಲ ಇಬ್ಬರು ಬ್ಯಾಟರುಗಳಿಗೆ ನಾಲ್ಕು ನಾಲ್ಕು ಕೆಟ್ಟ ಎಸೆತ ಹಾಕಿ ಪುಕ್ಕಟೆ ನಡೆಸಿದ. ಆಮೇಲೆ ಮುಂದಿನ ಮೂವರನ್ನೂ ಸ್ಟ್ರೈಕೌಟ್ ಮಾಡಿದ. ಐದು ಇನಿಂಗ್ಸ್ ಎಸೆದು ಎಂಟು ಸ್ಟ್ರೈಕೌಟ್, ಒಂದೇ ಹಿಟ್ ಬಿಟ್ಟುಕೊಟ್ಟ, ಪಂದ್ಯವನ್ನೂ ಗೆದ್ದ. ಎರಡು ಪಂದ್ಯ ಆಡಿಸಿ ಮೈನರ್ ಲೀಗಿಗೆ ಕಳಿಸುವ ಮಾತಿತ್ತು. ಆದರೆ ಟಿಕೆಟ್ ಮಾರಾಟ ಕಂಡ ಮೇಲೆ ಯಾರು ಕಳಿಸುತ್ತಾರೆ? ಮ್ಯಾನೇಜರ್ ವೈಟಿ ಹರ್ಜೋಗ್‌ಗೆ ಹುಡುಗನನ್ನು ಕೆಳಗೆ ಕಳಿಸಿ ಪಳಗಿಸುವ ಮನಸ್ಸಿತ್ತು. ಅವರ ಮಾತು ನಡೆಯಲಿಲ್ಲ. ಆ ಸೆಪ್ಟೆಂಬರಿನಲ್ಲಿ ಅವರ ಕೆಲಸವೂ ಹೋಯಿತು.

ಮುಂದೆ ಭುಜದ ನೋವು, ಶಸ್ತ್ರಚಿಕಿತ್ಸೆ. ಕ್ಲೈಡ್‌ನ ಒಟ್ಟು ಲೆಕ್ಕ 18 ಗೆಲುವು, 33 ಸೋಲು. ಹೈಸ್ಕೂಲಿನ ಒಂದೇ ವರ್ಷದಲ್ಲಿ ಗೆದ್ದಷ್ಟನ್ನೇ ಮೇಜರ್ ಲೀಗಿನ ಇಡೀ ಬದುಕಿನಲ್ಲಿ ಗೆದ್ದ. ಕೊನೆಯ ಪಂದ್ಯ ಆಡಿದಾಗ ಅವನಿಗೆ 24 ವಯಸ್ಸು. ಆಟಗಾರರ ಪಿಂಚಣಿಗೆ ಬೇಕಾದ ಸೇವೆಗೆ 37 ದಿನ ಕಡಿಮೆ ಬಿತ್ತು! ಅದೇ ಡ್ರಾಫ್ಟಿನಲ್ಲಿ ಅವನ ನಂತರ 3ನೆಯವನಾಗಿ ಹೋದ ರಾಬಿನ್ ಯೌಂಟ್, 4ನೆಯವನಾಗಿ ಹೋದ ಡೇವ್ ವಿನ್‌ಫೀಲ್ಡ್ ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು.

ಈಗ ಹೇಳಿ, ಇಲ್ಲಿ ಸ್ಕೌಟುಗಳು ನೋಡಿದ್ದು ತಪ್ಪೇ? ತೋಳು ಅವರು ಹೇಳಿದ ಹಾಗೇ ಇತ್ತು, ಜೂನ್ 27ರ ರಾತ್ರಿಯೇ ಅದಕ್ಕೆ ಸಾಕ್ಷಿ. ಮೊಳಕೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಆದರೆ ಮೊಳಕೆಯನ್ನೇ ಕಿತ್ತು ಸಂತೆಯಲ್ಲಿಟ್ಟು ಮಾರಿದರೆ ಬೆಳೆ ಎಲ್ಲಿಂದ ಬರಬೇಕು?

ಅವನ ನಂತರ ಹದಿನೆಂಟು ವರ್ಷ ಯಾವ ಹೈಸ್ಕೂಲು ಪಿಚರನ್ನೂ ಮೊದಲಿಗನಾಗಿ ಆರಿಸಲಿಲ್ಲ. 1990ರಲ್ಲಿ ಹತ್ತಿರ ಬಂದಿದ್ದರು. ಟೆಕ್ಸಾಸ್‌ನ ಟಾಡ್ ವ್ಯಾನ್ ಪಾಪೆಲ್ ಆ ವರ್ಷದ ದೊಡ್ಡ ಹೆಸರು. ಮೊದಲ ಆಯ್ಕೆ ಇದ್ದದ್ದು ಅಟ್ಲಾಂಟಾ ಬ್ರೇವ್ಸ್ ಕೈಯಲ್ಲಿ. ಹುಡುಗ, 'ನಾನು ಕಾಲೇಜಿಗೆ ಹೋಗುತ್ತೇನೆ, ನನ್ನನ್ನು ಆರಿಸಬೇಡಿ' ಅಂದ. ಬ್ರೇವ್ಸ್ ಅವನನ್ನು ಬಿಟ್ಟು ಫ್ಲಾರಿಡಾದ ಒಬ್ಬ ಹೈಸ್ಕೂಲು ಬ್ಯಾಟರನ್ನು ಆರಿಸಿದರು. ಅವನೇ ಚಿಪ್ಪರ್ ಜೋನ್ಸ್, ಮುಂದೆ ಹಾಲ್ ಆಫ್ ಫೇಮ್. ವ್ಯಾನ್ ಪಾಪೆಲ್ 14ನೆಯವನಾಗಿ ಓಕ್ಲಂಡ್ ಪಾಲಾದ, 12 ಲಕ್ಷ ಡಾಲರ್ ಒಪ್ಪಂದ. ಕೊನೆಗೆ 40 ಗೆಲುವು, 52 ಸೋಲು.

ಮರುವರ್ಷ 1991ರಲ್ಲಿ ಬ್ರೀನ್ ಟೇಲರ್. ನಾರ್ತ್ ಕೆರೊಲೈನಾದ ಕಡಲತೀರದ ಪುಟ್ಟ ಊರಿನ ಎಡಗೈ ಪಿಚರ್. ಕೊನೆಯ ವರ್ಷ 88 ಇನಿಂಗ್ಸಿನಲ್ಲಿ 213 ಸ್ಟ್ರೈಕೌಟ್. ನ್ಯೂಯಾರ್ಕ್ ಯಾಂಕೀಸ್ ಅವನನ್ನು ಮೊದಲಿಗನಾಗಿ ಆರಿಸಿ ಕಡಿಮೆ ಹಣಕ್ಕೆ ಒಪ್ಪಿಸಲು ನೋಡಿತು. ಮನೆಯವರು ಹಿಂದಿನ ವರ್ಷ ವ್ಯಾನ್ ಪಾಪೆಲ್‌ಗೆ ಸಿಕ್ಕಿದ್ದನ್ನು ಮುಂದಿಟ್ಟುಕೊಂಡು ಜಗ್ಗಲಿಲ್ಲ. ಅವರ ತಾಯಿಯ ಹಟ ಆಗ ಪತ್ರಿಕೆಗಳಲ್ಲೆಲ್ಲ ಸುದ್ದಿ. ಕೊನೆಗೆ 15.5 ಲಕ್ಷ ಡಾಲರಿಗೆ ಸಹಿಯಾಯಿತು. ಹೋಲಿಕೆ ಅನ್ನುವುದು ತಂಡಗಳ ಕೈಯಲ್ಲಿ ಮಾತ್ರ ಇರುವ ಅಸ್ತ್ರವಲ್ಲ, ಹುಡುಗರ ಮನೆಯವರೂ ಅದನ್ನು ಬಳಸಬಹುದು ಅಂತ ಆ ತಾಯಿ ತೋರಿಸಿಕೊಟ್ಟರು. ಮೈನರ್ ಲೀಗಿನಲ್ಲಿ ಟೇಲರ್ ಎರಡು ವರ್ಷ ಚೆನ್ನಾಗಿಯೇ ಆಡಿದ. 1993ರ ಡಿಸೆಂಬರಿನಲ್ಲಿ ಊರಿಗೆ ಬಂದಿದ್ದಾಗ ಅಣ್ಣನ ಪರವಾಗಿ ಒಂದು ಜಗಳಕ್ಕೆ ಹೋಗಿ ಎಡಭುಜಕ್ಕೆ ಪೆಟ್ಟು ಮಾಡಿಕೊಂಡ. ಶಸ್ತ್ರಚಿಕಿತ್ಸೆ ಆಯಿತು, ಆ ವೇಗ ಮತ್ತೆ ಬರಲಿಲ್ಲ. ಮೇಜರ್ ಲೀಗಿನಲ್ಲಿ ಒಂದೇ ಒಂದು ಎಸೆತವನ್ನೂ ಎಸೆಯಲಿಲ್ಲ. ಇದನ್ನು ಯಾವ ಸ್ಕೌಟ್ ಯಾವ ಅಂಕದಲ್ಲಿ ಬರೆಯಬೇಕಿತ್ತು?

ಇಂಥವನ್ನೆಲ್ಲ ನೋಡಿದವರು ಬೇರೆ ದಾರಿ ಯೋಚಿಸತೊಡಗಿದರು. ಅಂಕಿಅಂಶಗಳ ಬರಹಗಾರ ಬಿಲ್ ಜೇಮ್ಸ್ 1980ರ ದಶಕದಲ್ಲೇ ಹಳೆಯ ಡ್ರಾಫ್ಟುಗಳ ಲೆಕ್ಕ ತೆಗೆದು, ಹೈಸ್ಕೂಲು ಹುಡುಗರಿಗಿಂತ ಕಾಲೇಜು ಆಟಗಾರರೇ ಹೆಚ್ಚು ಫಲ ಕೊಡುತ್ತಾರೆ ಅಂತ ಬರೆದಿದ್ದರು. ಓಕ್ಲಂಡ್ ತಂಡದ ಬಿಲ್ಲಿ ಬೀನ್ ಅದನ್ನು ಗಂಭೀರವಾಗಿ ತೆಗೆದುಕೊಂಡರು. 2001ರಲ್ಲಿ ತಮ್ಮದೇ ಸ್ಕೌಟುಗಳು ಜೆರೆಮಿ ಬಾಂಡರ್ಮನ್ ಎಂಬ ಹೈಸ್ಕೂಲು ಪಿಚರನ್ನು ಆರಿಸಿದ್ದಕ್ಕೆ ಅವರು ಸಿಟ್ಟಿನಿಂದ ಕುರ್ಚಿ ಎಸೆದ ಕಥೆ 'ಮನಿಬಾಲ್' ಪುಸ್ತಕ ಓದಿದವರಿಗೆ ನೆನಪಿರುತ್ತದೆ. 2002ರಲ್ಲಿ ಮೊದಲ ಸುತ್ತಿನ ಲೆಕ್ಕದಲ್ಲೇ ಓಕ್ಲಂಡ್‌ಗೆ ಏಳು ಆಯ್ಕೆಗಳಿದ್ದವು. ಏಳೂ ಕಾಲೇಜು ಹುಡುಗರು. ಹೈಸ್ಕೂಲು ಪಿಚರುಗಳನ್ನು ಹೋಲಿಸುವ ತಂಟೆಯೇ ಬೇಡ, ಆ ಅಂಗಡಿಗೇ ಹೋಗುವುದು ಬೇಡ ಅನ್ನುವ ನಿಲುವು.

ತಮಾಷೆ ಅಂದರೆ, ಅವರು ಆ ಅಂಗಡಿಗೆ ಹೋಗದೇ ಇದ್ದ ವರ್ಷ ಅಲ್ಲಿ ಮಾಲು ಬಲು ಚೆನ್ನಾಗಿತ್ತು :-)

ಆ ವರ್ಷದ ಮೊದಲ 25 ಆಯ್ಕೆಗಳಲ್ಲಿ ಏಳು ಜನ ಹೈಸ್ಕೂಲು ಪಿಚರುಗಳು. ಒಬ್ಬೊಬ್ಬರನ್ನೇ ನೋಡೋಣ.

3ನೆಯವನು ಕ್ರಿಸ್ ಗ್ರೂಲರ್, ಸಿನ್ಸಿನಾಟಿ ರೆಡ್ಸ್ ಆಯ್ಕೆ. ಭುಜ ಕೈಕೊಟ್ಟಿತು, ಮೇಜರ್ ಲೀಗ್ ಮುಟ್ಟಲಿಲ್ಲ. 4ನೆಯವನು ಕೆನಡಾದ ಆಡಮ್ ಲೋವೆನ್. ಮೇಜರ್ ಲೀಗ್ ಮುಟ್ಟಿದ, ಮೊಣಕೈ ಹೋಯಿತು, ಕೆಲಕಾಲ ಪಿಚಿಂಗ್ ಬಿಟ್ಟು ಬ್ಯಾಟರ್ ಆಗಿ ಮತ್ತೆ ಶುರು ಮಾಡಬೇಕಾಯಿತು. 5ನೆಯವನು ನಮ್ಮ ಎವರ್ಟ್ಸ್. 6ನೆಯವನು ಫ್ಲಾರಿಡಾದ ಜ್ಯಾಕ್ ಗ್ರೈಂಕಿ. 15ನೆಯವನು ಕಾಜ್ಮಿರ್. 17ನೆಯವನು ಸ್ಯಾನ್ ಡಿಯಾಗೋದ ಕೋಲ್ ಹ್ಯಾಮೆಲ್ಸ್. ಈ ಹುಡುಗ ಹೈಸ್ಕೂಲಿನಲ್ಲಿರುವಾಗಲೇ ಎಡತೋಳಿನ ಮೂಳೆ ಮುರಿದುಕೊಂಡಿದ್ದ. ಎಸೆಯುವ ತೋಳೇ ಮುರಿದ ಹುಡುಗನನ್ನು ಯಾರು ಮುಟ್ಟುತ್ತಾರೆ ಅಂತ ಹಲವು ತಂಡಗಳು ದೂರ ಸರಿದಿದ್ದವು. 25ನೆಯವನು ಟೆನೆಸ್ಸಿಯ ಮ್ಯಾಟ್ ಕೇನ್.

ಓಕ್ಲಂಡ್‌ನ ಸರದಿ ಬಂದದ್ದು 16ಕ್ಕೆ ಮತ್ತು 24ಕ್ಕೆ. 16ರಲ್ಲಿ ನಿಕ್ ಸ್ವಿಷರ್, ಕಾಲೇಜು ಬ್ಯಾಟರ್. ಮರುಕ್ಷಣವೇ ಫಿಲಡೆಲ್ಫಿಯಾ ಹ್ಯಾಮೆಲ್ಸನ್ನು ಎತ್ತಿಕೊಂಡಿತು. 24ರಲ್ಲಿ ಜೋ ಬ್ಲ್ಯಾಂಟನ್, ಕಾಲೇಜು ಪಿಚರ್. ಮರುಕ್ಷಣವೇ ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೋ ಕೇನ್‌ನನ್ನು ಎತ್ತಿಕೊಂಡಿತು. ಸ್ವಿಷರ್, ಬ್ಲ್ಯಾಂಟನ್ ಇಬ್ಬರೂ ಒಳ್ಳೆಯ ಆಟಗಾರರಾದರು, ಓಕ್ಲಂಡ್‌ನದು ನಷ್ಟದ ವ್ಯಾಪಾರವೇನಲ್ಲ. ಆದರೆ ಹ್ಯಾಮೆಲ್ಸ್ 2008ರ ವಿಶ್ವ ಸರಣಿಯ ಶ್ರೇಷ್ಠ ಆಟಗಾರನಾದ, 163 ಪಂದ್ಯ ಗೆದ್ದ. ಕೇನ್ 2012ರ ಜೂನ್ 13ರಂದು ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಗೊಡದೆ ಇಡೀ ಪಂದ್ಯ ಎಸೆದ. ಅದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ, ಅಲ್ಲಿಯವರೆಗಿನ ಇತಿಹಾಸದಲ್ಲಿ ಅದು 22ನೆಯದು. ಇನ್ನು ಆ ವರ್ಷ ಮೊದಲಿಗನಾಗಿ ಆಯ್ಕೆಯಾದವನು ಬ್ರಯಾನ್ ಬುಲಿಂಗ್ಟನ್, 'ಸುರಕ್ಷಿತ' ಕಾಲೇಜು ಪಿಚರ್. ಮೇಜರ್ ಲೀಗಿನಲ್ಲಿ ಅವನು ಗೆದ್ದದ್ದು ಒಂದು ಪಂದ್ಯ!

ಏಳು ಜನ ಹೈಸ್ಕೂಲು ಪಿಚರುಗಳಲ್ಲಿ ನಾಲ್ವರು ದೊಡ್ಡ ಹೆಸರು ಮಾಡಿದರು. ಹಾಗಂತ ಬಿಲ್ ಜೇಮ್ಸ್ ಲೆಕ್ಕ ಸುಳ್ಳಾಗುವುದಿಲ್ಲ. ನೂರಾರು ಹುಡುಗರ ಸರಾಸರಿಯ ಮಾತು ಅದು. ಎದುರಿಗೆ ನಿಂತ ಒಬ್ಬ ಹುಡುಗ ಏನಾಗುತ್ತಾನೆ ಅಂತ ಸರಾಸರಿ ಹೇಳಲಾರದು.

ಈಗ ಆ ಶಾಲೆಯ ಇಬ್ಬರಿಗೆ ಬರೋಣ. ಎವರ್ಟ್ಸ್‌ನ ಹೆಗ್ಗಳಿಕೆ ಅವನ ಕರ್ವ್‌ಬಾಲ್. ಕಾಜ್ಮಿರ್‌ನ ವೇಗದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ, ಆದರೆ ಎತ್ತರ ಆರೇ ಅಡಿ, ಪಿಚರುಗಳ ಲೆಕ್ಕದಲ್ಲಿ ಕುಳ್ಳ, ಬಾಳಿಕೆ ಬರುತ್ತಾನೋ ಇಲ್ಲವೋ ಅನ್ನುವ ಅನುಮಾನ. ಜೊತೆಗೆ ಹೆಚ್ಚು ಹಣ ಕೇಳುತ್ತಾನೆ ಅನ್ನುವ ಮಾತು. ಅದಕ್ಕೇ 15ರವರೆಗೆ ಜಾರಿದ. ಎವರ್ಟ್ಸ್‌ನ ಮೊಣಕೈಗೆ 2004ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೂ ವರ್ಷಗಟ್ಟಲೆ ಮೈನರ್ ಲೀಗಿನಲ್ಲಿ ಆಡಿದ, ಮೇಜರ್ ಲೀಗಿನ ಕರೆ ಬರಲೇ ಇಲ್ಲ. ಅದೇ 2004ರಲ್ಲಿ ಕಾಜ್ಮಿರ್ ಮೇಜರ್ ಲೀಗಿಗೆ ಕಾಲಿಟ್ಟ. 2008ರ ವಿಶ್ವ ಸರಣಿಯ ಮೊದಲ ಪಂದ್ಯದಲ್ಲಿ ಒಂದು ಕಡೆ ಕಾಜ್ಮಿರ್, ಇನ್ನೊಂದು ಕಡೆ ಹ್ಯಾಮೆಲ್ಸ್. ಎತ್ತರ ಸಾಲದವನು ಮತ್ತು ತೋಳು ಮುರಿದವನು! ಮುಂದೆ ಕಾಜ್ಮಿರ್ ಕೂಡ ಕುಸಿದ, 2012ರಲ್ಲಿ ಸಣ್ಣ ಸ್ವತಂತ್ರ ಲೀಗಿನಲ್ಲಿ ಆಡಿದ, ಮತ್ತೆ ಎದ್ದು ಬಂದ. 2014ರಲ್ಲಿ ಮೂರನೆಯ ಸಲ ಆಲ್‌ಸ್ಟಾರ್ ಆದಾಗ ಅವನು ತೊಟ್ಟಿದ್ದ ಅಂಗಿ ಯಾವ ತಂಡದ್ದು ಗೊತ್ತೇ? ಓಕ್ಲಂಡ್‌ನದು.

ಈ ಏಳು ಜನರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಗ್ರೈಂಕಿಯ ಕಥೆ. ಕಾನ್ಸಾಸ್ ಸಿಟಿ ರಾಯಲ್ಸ್ ಸೇರಿ, 2004ರಲ್ಲಿ ಇಪ್ಪತ್ತರ ವಯಸ್ಸಿಗೇ ಮೇಜರ್ ಲೀಗ್ ಮುಟ್ಟಿದ. 2006ರಲ್ಲಿ ಖಿನ್ನತೆ ಮತ್ತು ಆತಂಕದಿಂದ ಆಟ ಬಿಟ್ಟು ಮನೆಗೆ ಹೋದ. ತಂಡ ಅವನನ್ನು ಬಿಸಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಚಿಕಿತ್ಸೆಗೆ ಸಮಯ ಕೊಟ್ಟಿತು, ಮೈನರ್ ಲೀಗಿನಲ್ಲಿ ಮೆಲ್ಲಗೆ ಮತ್ತೆ ಶುರು ಮಾಡಿಸಿತು. 2009ರಲ್ಲಿ ಆತ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಒಟ್ಟು 225 ಗೆಲುವು. ಇದನ್ನು ಕ್ಲೈಡ್‌ನ ಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ಹೈಸ್ಕೂಲಿನಿಂದ ಬಂದವರು, ಇಬ್ಬರ ತೋಳೂ ಅಪರೂಪದ್ದು. ಒಬ್ಬನಿಗೆ ಎರಡು ಪಂದ್ಯ ಮುಗಿಸಿ ಕೆಳಗೆ ಹೋಗುವ ಭಾಗ್ಯವೂ ಸಿಗಲಿಲ್ಲ. ಇನ್ನೊಬ್ಬನಿಗೆ ಆಟವನ್ನೇ ಬಿಟ್ಟುಹೋಗಿ ವಾಪಸ್ ಬರುವ ಅವಕಾಶ ಸಿಕ್ಕಿತು.

ಇನ್ನು ಇತ್ತೀಚಿನ ಮಾತು. 2006ರಲ್ಲಿ ಡಲ್ಲಾಸ್‌ನ ಕ್ಲೇಟನ್ ಕರ್ಷಾ 7ನೆಯವನಾಗಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ. ಅವನಿಗಿಂತ ಮುಂಚೆ ಹೋದ ಆರರಲ್ಲಿ ಐವರು ಕಾಲೇಜು ಪಿಚರುಗಳು. 2025ರಲ್ಲಿ ನಿವೃತ್ತನಾಗುವಾಗ ಕರ್ಷಾ ಲೆಕ್ಕ 223 ಗೆಲುವು, 3,000ಕ್ಕೂ ಹೆಚ್ಚು ಸ್ಟ್ರೈಕೌಟ್. ಆ ಐವರಲ್ಲಿ ಯಾರೂ ಅದರ ಹತ್ತಿರ ಸುಳಿಯಲಿಲ್ಲ.

2014ರಲ್ಲಿ ಮತ್ತೆ ಇಬ್ಬರ ಹೋಲಿಕೆ. ಸ್ಯಾನ್ ಡಿಯಾಗೋದ ಬ್ರೇಡಿ ಏಕನ್, ಎಡಗೈ, ನಯವಾದ ಎಸೆತ. ಟೆಕ್ಸಾಸ್‌ನ ಟೈಲರ್ ಕೋಲೆಕ್, ಬಲಗೈ, ಗಂಟೆಗೆ 100 ಮೈಲಿ ವೇಗ. ಏಕನ್ 1, ಕೋಲೆಕ್ 2. ಹ್ಯೂಸ್ಟನ್ ಆಸ್ಟ್ರೋಸ್ ಏಕನ್‌ಗೆ 65 ಲಕ್ಷ ಡಾಲರ್ ಒಪ್ಪಿಕೊಂಡಿತ್ತು. ಆಮೇಲೆ ಸ್ಕ್ಯಾನ್ ಮಾಡಿಸಿದಾಗ ಮೊದಲೇ ಹೇಳಿದ ಮೊಣಕೈ ರಜ್ಜು ಸಾಮಾನ್ಯಕ್ಕಿಂತ ಸಣ್ಣದಿದೆ ಅಂತ ಕಂಡಿತು. ತಂಡ ಹಣ ಇಳಿಸಿತು, ಹುಡುಗ ಸಹಿ ಹಾಕಲಿಲ್ಲ. 2015ರ ಮಾರ್ಚಿನಲ್ಲಿ ಅದೇ ರಜ್ಜುವಿಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. (1974ರಲ್ಲಿ ಡಾ. ಫ್ರಾಂಕ್ ಜೋಬ್ ಈ ಚಿಕಿತ್ಸೆ ಮಾಡಿದ ಮೊದಲ ಪಿಚರ್ ಟಾಮಿ ಜಾನ್, ಅದಕ್ಕೇ ಆ ಹೆಸರು.) ಏಕನ್ ಮತ್ತು ಕೋಲೆಕ್ ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಏಕನ್ ಬಿಟ್ಟುಹೋದ ಕಾರಣಕ್ಕೆ ಹ್ಯೂಸ್ಟನ್‌ಗೆ ಮರುವರ್ಷ ಪರಿಹಾರವಾಗಿ ಒಂದು ಆಯ್ಕೆ ಸಿಕ್ಕಿತು, ಅದರಲ್ಲಿ ಬಂದವನು ಅಲೆಕ್ಸ್ ಬ್ರೆಗ್ಮನ್. ತಂಡಕ್ಕೆ ನಷ್ಟ ತುಂಬಿಕೊಡುವ ನಿಯಮವಿದೆ. ಹುಡುಗನಿಗೆ ಇನ್ನೊಂದು ತೋಳು ಕೊಡುವ ನಿಯಮ ಎಲ್ಲಿದೆ?

ಹೀಗೆ 1965ರಿಂದ 2025ರವರೆಗೆ ದೇಶಕ್ಕೇ ಮೊದಲಿಗರಾಗಿ ಆಯ್ಕೆಯಾದ ಹೈಸ್ಕೂಲು ಪಿಚರುಗಳು ಮೂವರೇ: ಕ್ಲೈಡ್, ಟೇಲರ್, ಏಕನ್. ಮೂವರೂ ಎಡಗೈಯವರು. ಬಲಗೈ ಹೈಸ್ಕೂಲು ಪಿಚರ್ ಒಬ್ಬನೂ ಇಲ್ಲ. 2017ರಲ್ಲಿ 102 ಮೈಲಿ ವೇಗದ ಹಂಟರ್ ಗ್ರೀನ್ ಕೂಡ ಎರಡನೆಯವನಾಗಿಯೇ ಹೋದ. ಅವನಿಗೂ 2019ರಲ್ಲಿ ಅದೇ ಶಸ್ತ್ರಚಿಕಿತ್ಸೆ. ಅವನು ಮಾತ್ರ ಎದ್ದು ಬಂದ, 2024ರಲ್ಲಿ ಆಲ್‌ಸ್ಟಾರ್.

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸುವುದು ಇಷ್ಟು. ಡ್ರಾಫ್ಟಿಗೆ ಮುಂಚಿನ ಪಟ್ಟಿಗಳು ಸುಳ್ಳಲ್ಲ. ಅವು ಆ ದಿನದ ಹುಡುಗನನ್ನು ಅಳೆಯುತ್ತವೆ, ಬಹುಪಾಲು ಸರಿಯಾಗಿಯೇ ಅಳೆಯುತ್ತವೆ. ನಾವು ಅವನ್ನು ಭವಿಷ್ಯದ ಪಟ್ಟಿ ಅಂತ ಓದುತ್ತೇವೆ, ಅಲ್ಲೇ ಎಡವಟ್ಟು. ಹುಡುಗ ಯಾರ ಕೈಗೆ ಬೀಳುತ್ತಾನೆ, ಅವರಿಗೆ ಎಷ್ಟು ಅವಸರವಿದೆ ಅನ್ನುವ ಅಂಕಣ 20-80ರ ಹಾಳೆಯಲ್ಲಿ ಇಲ್ಲ. ಇನ್ನೊಂದು ಭಯ, ಅಳೆಯುತ್ತಾರೆ ಅಂತ ಗೊತ್ತಾದ ಮೇಲೆ ಹುಡುಗರು ಅಳತೆಗೆಂದೇ ಎಸೆಯಲು ಶುರು ಮಾಡುತ್ತಾರೆ. ಗನ್ನಿನಲ್ಲಿ ಇನ್ನೊಂದು ಮೈಲಿ ಕಂಡರೆ ಇನ್ನೊಂದಷ್ಟು ಲಕ್ಷ. ಆ ಒಂದು ಮೈಲಿ ಬರುವುದು ಮೊಣಕೈಯ ಅದೇ ಪುಟ್ಟ ರಜ್ಜುವಿನಿಂದ. 2014ರಲ್ಲಿ 'ಪಿಚ್ ಸ್ಮಾರ್ಟ್' ಎಂಬ ಮಾರ್ಗಸೂಚಿ ಬಂತು, 17-18ರ ಹುಡುಗರು ದಿನಕ್ಕೆ 105ಕ್ಕಿಂತ ಹೆಚ್ಚು ಎಸೆಯಬಾರದು ಅಂತ. ಎಷ್ಟು ಎಸೆತ ಅಂತ ಎಣಿಸಬಹುದು. ಎಷ್ಟು ಜೋರಾಗಿ ಅನ್ನುವುದಕ್ಕೆ ಕಡಿವಾಣ ಹಾಕುವವರು ಯಾರು?

ಇದು ಬೇಸ್‌ಬಾಲಿನ ಮಾತು ಮಾತ್ರ ಅಲ್ಲ ಅಂತ ನಿಮಗೂ ಅನ್ನಿಸಿರಬೇಕು. ಹದಿನೇಳು ಹದಿನೆಂಟರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರ‍್ಯಾಂಕ್ ಕೊಡುವುದು ನಮಗೇನು ಹೊಸದೇ? ಕಡೇಪಕ್ಷ ಅಲ್ಲಿ 295ನೆಯವನಿಗೂ ಒಂದು ಚೆಂಡು ಕೊಟ್ಟು ಎಸೆಯಲು ಬಿಟ್ಟರು. ನಿಮಗೇನನ್ನಿಸುತ್ತದೆ, ಕಾಮೆಂಟಿನಲ್ಲಿ ಬರೆಯಿರಿ. ಕಾಜ್ಮಿರ್ ಮತ್ತು ಎವರ್ಟ್ಸ್ ಇಬ್ಬರಲ್ಲಿ ಆಗ ನೀವಾಗಿದ್ದರೆ ಯಾರನ್ನು ಆರಿಸುತ್ತಿದ್ದಿರಿ ಅನ್ನುವುದನ್ನೂ. ಪ್ರಾಮಾಣಿಕವಾಗಿ ಹೇಳಬೇಕು, ಉತ್ತರ ಗೊತ್ತಿಲ್ಲದವರ ಹಾಗೆ :-)